ಹದಿನೇಳನೆಯ ನಂಬರಿನ ಚಂದಮ್ಮ

ದುಬಲಗುಂಡಿಯ ಚಂದಮ್ಮನ ಬಲಗೈ ಎಡಗೈಗಿಂತ ಸಣ್ಣದು. ಹುಟ್ಟಿನಿಂದಲೇ ಹಾಗೆ. ಹೆಣ್ಣು ನೋಡಲು ಬಂದ ದಿನ ತಾಯಿ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಸಿ ಕೂರಿಸಿದ್ದಳಂತೆ. ಅತ್ತೆಯಾಗಬೇಕಾದವಳು ಸೆರಗು ಸರಿಸಿ, ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿ, "ಈ ಕೈ ಕುರಿ ಹೊಟ್ಟಿಯೊಳಗ ಸಲೀಸ ಹೋಗ್ತದ. ನಂಗ ಇಂಥಾಕಿನೇ ಬೇಕಾಗಿತ್ತು" ಎಂದು ಅಲ್ಲೇ ಮಾತು ಮುಗಿಸಿದಳು.

ಅಂದಿನಿಂದ ಮೂವತ್ತೈದು ವರ್ಷ ಆಕೆ ಕುರಿಗಳ ಸೂಲಗಿತ್ತಿ. ಗಂಡ ದೇವಿಂದ್ರಪ್ಪನ ಕುರಿದಡ್ಡಿಯಲ್ಲಿ ಒಂದು ಮರಿಯೂ ಆಕೆಯ ಕೈ ತಪ್ಪಿಸಿ ನೆಲ ಮುಟ್ಟಿಲ್ಲ. ಕಾಲು ಮಡಚಿಕೊಂಡ ಮರಿ, ತಲೆ ಹಿಂದಕ್ಕೆ ತಿರುಗಿಸಿಕೊಂಡ ಮರಿ, ಬಾಗಿಲಲ್ಲಿ ಒಂದಕ್ಕೊಂದು ಸಿಕ್ಕಿಕೊಂಡ ಅವಳಿ, ಯಾವುದಾದರೂ ಸರಿ. ಮೊಣಕೈವರೆಗೆ ಎಣ್ಣೆ ಸವರಿ, ಕಣ್ಣು ಮುಚ್ಚಿ, ಬೆರಳಿನಿಂದಲೇ ನೋಡಿ ಹೊರಗೆ ತರುತ್ತಿದ್ದಳು. ಉಸಿರಿಲ್ಲದೆ ಬಂದ ಮರಿಯ ಮೂಗಿಗೆ ತನ್ನ ಬಾಯಿ ಇಟ್ಟು ಲೋಳೆ ಹೀರಿ ಉಗುಳಿ, ಉಸಿರು ಊದುತ್ತಿದ್ದಳು. ಮಂಠಾಳದಿಂದ, ಹುಲಸೂರಿನಿಂದ ಮೋಟರ್ ಸೈಕಲ್ ತೆಗೆದುಕೊಂಡು ಆಕೆಯನ್ನು ಕರೆಯಲು ಬರುತ್ತಿದ್ದರು. ಕಾಲೇಜು ಕಲಿತ ದನದ ಡಾಕ್ಟರರು ಸೂಜಿ ಕೈಯಲ್ಲಿ ಹಿಡಿದುಕೊಂಡು ಆಕೆಗೆ ಜಾಗ ಬಿಟ್ಟು ನಿಂತದ್ದನ್ನು ನಮ್ಮೂರವರು ಕಂಡಿದ್ದೇವೆ.

ಆಕೆಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಕುರಿ ತನ್ನ ಮರಿಯನ್ನು ಮೂಗಿನಿಂದ ಗುರುತಿಸುತ್ತದೆ. ಬೇರೆಯವರ ಮರಿ ಹತ್ತಿರ ಬಂದರೆ ಒದೆಯುತ್ತದೆ. ಒಂದು ಮನೆಯಲ್ಲಿ ಮರಿ ಕಳೆದುಕೊಂಡ ತಾಯಿ, ಇನ್ನೊಂದು ಮನೆಯಲ್ಲಿ ತಾಯಿ ಕಳೆದುಕೊಂಡ ಮರಿ ಇದ್ದರೆ ಚಂದಮ್ಮ ಅವೆರಡನ್ನೂ ಕೂಡಿಸುತ್ತಿದ್ದಳು. ತಾಯಿಯ ಮಾಸನ್ನು, ಎಂದರೆ ಹಡೆದ ಮೇಲೆ ಬೀಳುವ ಚೀಲವನ್ನು, ಬೇವಿನ ಸೊಪ್ಪು ಮುಚ್ಚಿದ ಗಡಿಗೆಯಲ್ಲಿಟ್ಟುಕೊಂಡು, ಆ ಕುರಿಯನ್ನೂ ಹೇರಿಕೊಂಡು ತಬ್ಬಲಿ ಮರಿ ಇರುವ ಮನೆಗೆ ಹೋಗುತ್ತಿದ್ದಳು. ಆ ಮಾಸನ್ನು ಮರಿಯ ತಲೆಯಿಂದ ಬಾಲದವರೆಗೆ ತಿಕ್ಕಿದರೆ ಕುರಿ ಮೂಸಿ, ನೆಕ್ಕಿ, ಕೆಚ್ಚಲು ಬಿಡುತ್ತಿತ್ತು. ಎರಡು ತಿಂಗಳು ಆ ಕುರಿ ಅಲ್ಲೇ ಹಾಲುತಾಯಿಯಾಗಿದ್ದು ಆಮೇಲೆ ಮನೆಗೆ ಮರಳುತ್ತಿತ್ತು. ಇದಕ್ಕೆ ಯಾರೂ ಯಾರಿಗೂ ಏನೂ ಕೊಡುವುದಿಲ್ಲ. ಕುರಿಯವರ ನಡುವೆ ಇದು ಹಿಂದಿನಿಂದ ನಡೆದುಬಂದ ಉಪಕಾರ. ಹೀಗೆ ಸುತ್ತಲಿನ ಹತ್ತೊಂಬತ್ತು ದಡ್ಡಿಗಳಿಗೆ ಚಂದಮ್ಮನ ಗಡಿಗೆ ಹೋಗಿತ್ತು.

ಅದೇ ಚಂದಮ್ಮನಿಗೆ ಹತ್ತು ವರ್ಷದಿಂದ ಜ್ವರ. ಬೆಳಿಗ್ಗೆ ಏನೂ ಇರುತ್ತಿರಲಿಲ್ಲ. ಹೊತ್ತು ಇಳಿಯತೊಡಗಿದರೆ ಸೊಂಟ ಹಿಡಿಯುವುದು, ಮೈ ಕಾಯುವುದು, ಕುಪ್ಪಸ ಹಿಂಡುವಷ್ಟು ಬೆವರು. ಇಪ್ಪತ್ತು ದಿನ ಬಂದು ಎರಡು ತಿಂಗಳು ಸುಮ್ಮನಿದ್ದು ಮತ್ತೆ ಬರುತ್ತಿತ್ತು. ಒಬ್ಬರು ಟೈಫಾಯ್ಡ್ ಎಂದು ಸಲಾಯಿನ್ ಹಚ್ಚಿದರು. ಇನ್ನೊಬ್ಬರು ಮಲೇರಿಯಾ ಎಂದರು. ಮೂರನೆಯವರು ವಯಸ್ಸು ಎಂದರು. ಆಕೆ ಪ್ರತಿ ಸಲವೂ ಒಪ್ಪಿಕೊಂಡು ಬಂದಳು.

ಎಂಟು ವರ್ಷದ ಹಿಂದೆ ಊರಿಗೆ ಒಂದು ಬಿಳಿ ಜೀಪು ಬಂದಿತ್ತು. ಸಮುದ್ರದಾಚೆಯ ಒಂದು ಶ್ರೀಮಂತ ದೇಶದ ವಿಶ್ವವಿದ್ಯಾಲಯದವರು ಇಬ್ಬರು, ಅವರ ಜೊತೆಗೆ ನಮ್ಮ ಕಡೆಯ ವೈದ್ಯಕೀಯ ಕಲಿಯುವ ಹುಡುಗ ಹುಡುಗಿಯರು. ಕುರಿ ಸಾಕುವವರ ರಕ್ತ ಪರೀಕ್ಷೆ ಮಾಡುತ್ತೇವೆ, ಮೂರು ತಿಂಗಳಲ್ಲಿ ಕಾಗದ ಕಳಿಸುತ್ತೇವೆ ಎಂದರು. ನಲವತ್ತು ಜನ ತೋಳು ಕೊಟ್ಟರು. ಪ್ರತಿಯೊಬ್ಬರ ಹೆಸರು ಬರೆದುಕೊಂಡು ಒಂದು ನಂಬರಿನ ಚೀಟಿ, ಒಂದು ಸಾಬೂನು, ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಚಂದಮ್ಮನದು ಹದಿನೇಳು.

"ನನ್ನ ರಕ್ತ ಇಮಾನ ಹತ್ತಿತು. ನಾ ಮಾತ್ರ ಇನ್ನೂ ಹುಮನಾಬಾದ್ ದಾಟಿಲ್ಲ" ಎಂದು ದೇವಿಂದ್ರಪ್ಪ ಕಟ್ಟೆಯ ಮೇಲೆ ಕುಳಿತು ನಗಿಸಿದ್ದ.

ಕಾಗದ ಬರಲಿಲ್ಲ. ಮೊದಲ ವರ್ಷ ಕೇಳಿದರು, ಆಮೇಲೆ ಮರೆತರು.

ಈ ಸಲದ ದೀಪಾವಳಿಯ ಹೊತ್ತಿಗೆ ಸೊಸೆ ಪೂನಂಗೆ ಐದು ತಿಂಗಳು ತುಂಬಿತ್ತು. ಎರಡು ವರ್ಷದ ಹಿಂದೆ ಆಕೆಯ ಮೊದಲ ಬಸಿರು ಏಳನೆಯ ತಿಂಗಳಲ್ಲಿ ಹೋಗಿತ್ತು. ಗಂಡುಮಗು, ಕೈಕಾಲು ಎಲ್ಲ ಮೂಡಿತ್ತು. ಯಾಕೆ ಹೋಯಿತು ಎಂದು ಯಾರೂ ಹೇಳಲಿಲ್ಲ. ಈ ಸಲ ಉಳಿಯಬೇಕು ಎನ್ನುವುದೊಂದೇ ಆ ಮನೆಯ ಚಿಂತೆ. ಮಗ ಸಂಜುಕುಮಾರ ಹೆಂಡತಿಗೆ ಕೊಡ ಎತ್ತಲು ಬಿಡುತ್ತಿರಲಿಲ್ಲ. ಚಂದಮ್ಮ ಬೆಳಿಗ್ಗೆ ಎದ್ದು ಕುರಿ ಕರೆದ ನೊರೆಹಾಲನ್ನು ಬಿಸಿ ಆರುವ ಮೊದಲೇ ಸೊಸೆಗೆ ಕುಡಿಸುತ್ತಿದ್ದಳು. ಕಾಯಿಸಿದರೆ ಹಾಲಿನ ಬಲ ಹೋಗುತ್ತದೆ ಎಂದು ಕುರಿಯವರಲ್ಲಿ ನಂಬಿಕೆ.

ಹಬ್ಬ ಮುಗಿದ ನಾಲ್ಕನೆಯ ದಿನ ಒಂದು ಕುರಿ ಕಂದು ಹಾಕಿತು, ಅಂದರೆ ತಿಂಗಳು ತುಂಬುವ ಮೊದಲೇ ಮರಿ ಹೊರಗೆ ಬಿತ್ತು. ಮರುದಿನ ಎರಡು. ಇಪ್ಪತ್ತು ದಿನದಲ್ಲಿ ಹನ್ನೊಂದು. ಮರಿಗಳು ಕೂದಲು ಮೂಡಿ, ಗೊರಸು ಮೂಡಿ, ನಾಳೆ ಹುಟ್ಟಬೇಕಾದವುಗಳಂತೆಯೇ ಇದ್ದವು. ಚಂದಮ್ಮ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ ಹೂಳಿದಳು. ಮೂಗಿಗೆ ಊದುವುದನ್ನು ಮೂರನೆಯದರ ನಂತರ ಬಿಟ್ಟಳು. ಅತ್ತೆಯ ಸೊಂಟ ಹಿಡಿದಿದ್ದ ದಿನ ಎರಡು ಮಾಸನ್ನು ಪೂನಂ ತೆಗೆದಳು. ಆಕೆಯ ಕೈಯೂ ಸಣ್ಣದೇ. ಅತ್ತೆಯ ವಿದ್ಯೆ ಆಕೆಗೆ ಬರತೊಡಗಿತ್ತು.

ಸಂಜುಕುಮಾರ ಹುಮನಾಬಾದಿಗೆ ಹೋಗಿ ಯುನೂಸ್ ಸಾಹೇಬರನ್ನು ಕರೆತಂದ. ದನದ ದವಾಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಈ ಸುತ್ತಿನ ಎಲ್ಲ ದಡ್ಡಿಗಳೂ ಅವರಿಗೆ ಗೊತ್ತು. ಸ್ಕೂಟರ್ ನಿಲ್ಲಿಸಿದವರು ಬೇಲಿಯ ಹೊರಗೇ ನಿಂತರು.

"ಒಳಗ ಬರ್ರಿ ಸಾಬ್ರೇ, ಚಾ ಕುಡೀರಿ" ಎಂದಳು ಚಂದಮ್ಮ.

"ಚಾ ಆಮ್ಯಾಲ. ಮಾಸು ಯಾರು ತಗದ್ರು ಅಕ್ಕಾ?"

"ಯಾರು ತಗೀತಾರ? ನಾನೇ. ಎರಡು ಪೂನಂ ತಗದಾಳ."

ಯುನೂಸರು ಪೂನಂ ಕಡೆ ನೋಡಿದರು. ಆಕೆಯ ಹೊಟ್ಟೆ ನೋಡಿದರು.

"ಕೈಗಿ ಏನರ ಹಾಕ್ಕೊಂಡಿದ್ದೇನವ್ವ?"

"ಬಳಿ ಹಾಕ್ಕೊಂಡಿದ್ದೆ ಕಾಕಾ" ಎಂದಳು ಪೂನಂ. ದೇವಿಂದ್ರಪ್ಪ ನಕ್ಕ. ಯುನೂಸರು ನಗಲಿಲ್ಲ.

ಮರುದಿನ ಅವರು ಹಳೆಯ ಸಹೋದ್ಯೋಗಿಯಿಂದ ಗುಲಾಬಿ ಬಣ್ಣದ ಔಷಧದ ಶೀಶೆ, ಗಾಜಿನ ತಟ್ಟೆ ತಂದರು. ಈ ಸಲ ಕೈಗೆ ರಬ್ಬರ್ ಗವಸು ಏರಿಸಿ ಒಳಗೆ ಬಂದರು. ಐವತ್ತೆರಡು ಕುರಿಗಳ ಕಿವಿ ಚುಚ್ಚಿ, ರಕ್ತ ತಿಳಿಯಾದ ಮೇಲೆ ಅದರ ಹನಿಗೆ ಔಷಧದ ಹನಿ ಕೂಡಿಸಿ ತಟ್ಟೆಯನ್ನು ಅಲುಗಾಡಿಸುತ್ತ ಹೋದರು. ಕೆಲವು ಹನಿಗಳು ಹಾಗೇ ಉಳಿದವು. ಕೆಲವು ಕೆಟ್ಟ ಹಾಲಿನ ಹಾಗೆ ಒಡೆದು ಕಣಕಣವಾದವು. ಒಡೆದ ಪ್ರತಿಯೊಂದಕ್ಕೂ ಆ ಕುರಿಯ ಕೊಂಬಿಗೋ ಕಿವಿಗೋ ಕೆಂಪು ಬಣ್ಣ ಹಚ್ಚಲು ಸಂಜುಗೆ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ದಡ್ಡಿಯಲ್ಲಿ ಇಪ್ಪತ್ತಮೂರು ಕೆಂಪು ಗುರುತುಗಳು ಓಡಾಡುತ್ತಿದ್ದವು.

"ಕಂದು ರೋಗ" ಎಂದರು ಯುನೂಸರು. "ಮಾಸಿನಾಗ ಇರ್ತದ, ಹಾಲಿನಾಗ ಇರ್ತದ. ಕುರಿಯಿಂದ ಕುರಿಗಿ ಬರ್ತದ, ಮನಶ್ಯಾಗೂ ಬರ್ತದ. ಅಕ್ಕಾ, ನಿಂಗ ಸಂಜೀಮುಂದ ಜ್ವರ ಬರ್ತಾವಲ್ಲ, ಎಷ್ಟು ವರ್ಷ ಆತು?"

ಚಂದಮ್ಮ ಹೇಳಿದಳು.

"ಆ ಪರದೇಶದವ್ರು ರಕ್ತ ಒಯ್ದಾರಲ್ಲ, ಅದ್ರ ಕಾಗದ ಏನಂತು?"

"ಯಾವ ಕಾಗದರಿ? ಅವ್ರು ಕೊಟ್ಟ ಸಾಬೂನೂ ಸವದು ಎಂಟ್ ವರ್ಷ ಆತು."

ಯುನೂಸರು ಬಹಳ ಹೊತ್ತು ತಮ್ಮ ತಟ್ಟೆಯನ್ನು ಒರೆಸಿದರು. ಆಗ ಹೆಸರು ಬರೆದುಕೊಂಡ ಹುಡುಗಿ ಈಗ ಡಾಕ್ಟರಾಗಿ ಬಸವಕಲ್ಯಾಣದಲ್ಲಿ ದವಾಖಾನೆ ಇಟ್ಟಿದ್ದಾಳೆ, ಹೆಸರು ಸುಗಂಧಾ, ನಾಳೆಯೇ ಹೋಗಿ ಎಂದರು. ಹೋಗುವಾಗ ಪೂನಂಗೆ ಹಾಲು ಕುದಿಸದೆ ಕುಡಿಯಬಾರದು, ದಡ್ಡಿಯ ಕಡೆ ಸುಳಿಯಬಾರದು ಎಂದು ಎರಡು ಸಲ ಹೇಳಿದರು.

ದಡ್ಡಿಯ ಬೇಲಿಯಿಂದ ಮನೆಯ ಬಾಗಿಲಿಗೆ ಆರು ಹೆಜ್ಜೆ.

ಮರುದಿನ ಅತ್ತೆ ಸೊಸೆ ಬಸ್ಸು ಹತ್ತಿದರು. ಕೋಟೆಯ ರಸ್ತೆಯಲ್ಲಿ ಸುಗಂಧಾ ಅವರದು ಎರಡು ಕೋಣೆಯ ದವಾಖಾನೆ. ಚಂದಮ್ಮ ತಾನು ಎತ್ತಿಟ್ಟುಕೊಂಡಿದ್ದ, ಹದಿನೇಳು ಎಂದು ಬರೆದಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ನೋಡಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಈ ಅಕ್ಷರ ನನ್ನದು" ಎಂದರು.

ಅವರು ಮುಚ್ಚಿಡಲಿಲ್ಲ. ಆಗ ಓದುತ್ತಿದ್ದೆ, ಎರಡು ಸಲ ಕೇಳಿದೆ, ಬರುತ್ತದೆ ಎಂದರು, ಪರೀಕ್ಷೆ ಬಂತು, ಮರೆತೆ ಎಂದು ಇದ್ದದ್ದನ್ನು ಹೇಳಿದರು. ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿ ಒಂದು ಬರಹ ತೆಗೆದರು. ಐದು ವರ್ಷದ ಹಿಂದೆಯೇ ಆ ದೇಶದ ದೊಡ್ಡ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದರು. ಊರಿನ ಹೆಸರಿರಲಿಲ್ಲ, ದಖನ್ನಿನ ಒಂದು ಕುರಿಗಾರರ ಹಳ್ಳಿ ಎಂದಿತ್ತು. ನಲವತ್ತು ಜನರಲ್ಲಿ ಹದಿನಾಲ್ಕು ಜನರ ರಕ್ತದಲ್ಲಿ ಕಂದು ರೋಗ. ಮಾಸನ್ನು ಬರಿಗೈಯಲ್ಲಿ ಮುಟ್ಟುವವರಿಗೆ ಹೆಚ್ಚು. ಬಸುರಿಯರಿಗೆ ಅಪಾಯ. ಕೊನೆಯಲ್ಲಿ, ಇನ್ನಷ್ಟು ಅಧ್ಯಯನ ಆಗಬೇಕು ಎಂದಿತ್ತು. ಅದರ ಕೆಳಗೆ, ಸಹಾಯ ಮಾಡಿದ ಜನರಿಗೆ ಕೃತಜ್ಞತೆಗಳು.

"ಹದಿನಾಲ್ಕು ಮಂದಿ ಯಾರ್ಯಾರ್ರಿ ಬಾಯೀ?"

"ಇದ್ರಾಗ ಹೆಸರಿಲ್ಲಮ್ಮ. ಅವರಿಗೇ ಬರದು ಕೇಳ್ತೀನಿ."

"ಅಂದ್ರ ಅವ್ರಿಗಿ ಗೊತ್ತಿತ್ತು."

"ಗೊತ್ತಿತ್ತು."

"ಈಕಿ ಕೂಸು ಹೋಗಾಕಿಂತ ಮೊದಲಾ, ಆಮ್ಯಾಲಾ?"

ಸುಗಂಧಾ ಬರಹದ ತಲೆಯ ಮೇಲಿದ್ದ ತಾರೀಖನ್ನು ಮತ್ತೊಮ್ಮೆ ನೋಡಿದರು. "ಮೊದಲ" ಎಂದರು.

ಪೂನಂ ಗೋಡೆಯ ಮೇಲಿದ್ದ ಮಗುವಿನ ಚಿತ್ರದ ಕ್ಯಾಲೆಂಡರನ್ನು ನೋಡುತ್ತ ಕುಳಿತಿದ್ದವಳು ಅದರಿಂದ ಕಣ್ಣು ತೆಗೆಯಲಿಲ್ಲ.

ಇಬ್ಬರ ರಕ್ತವನ್ನೂ ತೆಗೆದು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಈ ಸಲ ಚಂದಮ್ಮ ಶೀಶೆಯ ಮೇಲೆ ನಂಬರ್ ಹಚ್ಚಲು ಬಿಡಲಿಲ್ಲ. ಚಂದಮ್ಮ ಗಂಡ ದೇವಿಂದ್ರಪ್ಪ, ದುಬಲಗುಂಡಿ ಎಂದು ಪೂರ್ತಿ ಬರೆಯಿಸಿದಳು. ಸೊಸೆಯದನ್ನೂ ಹಾಗೇ ಬರೆಯಿಸಿದಳು.

ಒಂಬತ್ತು ದಿನ ಕಾದರು. ಏಳನೆಯ ದಿನ ಹೊತ್ತು ಇಳಿಯುವಾಗ ಪೂನಂಗೆ ಚಳಿ ಹತ್ತಿತು. ಕಂಬಳಿ ಹೊದ್ದು ಕುಳಿತವಳ ಹಣೆಯನ್ನು ಚಂದಮ್ಮ ಮುಟ್ಟಿ ನೋಡಿದಳು. ಆ ಕಾವು ಆಕೆಗೆ ತನ್ನ ಮೈಯದೇ ಅನ್ನುವಷ್ಟು ಪರಿಚಯದ್ದು. ಹೊರಗೆ ಹೋಗಿ ತನ್ನ ಕೈಗೆ ಬೂದಿ ಹಚ್ಚಿ ತಿಕ್ಕಿದಳು, ಮತ್ತೆ ತಿಕ್ಕಿದಳು.

ಒಂಬತ್ತನೆಯ ದಿನ ಫೋನ್ ಬಂತು. ಇಬ್ಬರಿಗೂ ಇದೆ. ಬಸುರಿಗೆ ಕೊಡಬಹುದಾದ ಗುಳಿಗೆಗಳಿವೆ, ಆರು ವಾರ ಒಂದು ದಿನವೂ ತಪ್ಪಿಸಬಾರದು. ಚಂದಮ್ಮನ ಗುಳಿಗೆ ಬೇರೆ. ಆದರೆ ರೋಗದ ಕುರಿಗಳ ನಡುವೆಯೇ ಇದ್ದರೆ ಗುಳಿಗೆ ನುಂಗಿಯೂ ಉಪಯೋಗವಿಲ್ಲ, ಮತ್ತೆ ಮತ್ತೆ ಬರುತ್ತದೆ. ಬಸುರಿಯನ್ನು ಇಂದೇ ಕುರಿ ಇಲ್ಲದ ಕಡೆ ಇಡಿ ಎಂದರು ಡಾಕ್ಟರು.

"ತವರಿಗಿ ಕಳಸ್ತೀನಿ" ಎಂದ ಸಂಜುಕುಮಾರ. ಪೂನಂಳ ತವರು ಹುಲಸೂರು. ತಾಯಿ ಯಶೋದಾಬಾಯಿಗೆ ಹದಿನೈದು ಕುರಿ ಆಡು ಇವೆ.

ಪೂನಂ ತಾಯಿಗೆ ಫೋನ್ ಮಾಡಿದಳು. ಮಾತಾಡುತ್ತ ಆಡುತ್ತ, "ಅಲ್ಲೂ ಆಡು ಕಂದು ಹಾಕ್ಯಾವೇನ್ ಅವ್ವ?" ಎಂದು ಕೇಳಿದಳು. ಹೌದೆಂಬ ಉತ್ತರ ಕೇಳಿ ಅತ್ತೆಯ ಕಡೆ ತಿರುಗಿದಳು. ಹೋದ ವರ್ಷ ಚಂದಮ್ಮ ಆ ದಡ್ಡಿಗೆ ಒಂದು ಹಾಲುತಾಯಿ ಕುರಿಯನ್ನೂ ಗಡಿಗೆಯನ್ನೂ ಒಯ್ದಿದ್ದಳು.

ಚಂದಮ್ಮ ಮಂಠಾಳದ ತನ್ನ ತಂಗಿಯ ಮನೆಯನ್ನು ನೆನೆದಳು. ಅಲ್ಲಿಗೆ ಎರಡು ಸಲ ಒಯ್ದಿದ್ದಳು. ನಾದಿನಿಯ ಮನೆಗೆ ಒಂದು ಸಲ. ಬೆರಳು ಮಡಚುತ್ತ ಹೋದಳು. ಸೊಸೆಯನ್ನು ಕಳಿಸಬಹುದಾದ ಬೀಗರು ನೆಂಟರು ಎಲ್ಲರೂ ಕುರಿಯವರು, ಎಲ್ಲರ ಬಾಗಿಲಿಗೂ ಆಕೆಯೇ ಹೋಗಿಬಂದಿದ್ದಳು. ಬೆರಳು ಮುಗಿದವು, ಮನೆ ಸಿಗಲಿಲ್ಲ.

"ಹಂಗಾದ್ರ ಕುರಿನೇ ಹೋಗ್ಲಿ" ಎಂದ ಸಂಜು. "ಗಡಿ ಆಚೆ ಒಬ್ಬಾಂವ ಲಾರಿ ತರ್ತೀನಿ ಅಂದಾನ. ನಾಡಿದ್ದ ಬೆಳಿಗ್ಗಿ ಇಪ್ಪತ್ತಮೂರೂ ಎತ್ತಿ ಹಾಕ್ತೀನಿ."

"ಅವ್ನಿಗಿ ಹೇಳಿಯೇನು?" ಎಂದಳು ಚಂದಮ್ಮ.

"ಏನ್ ಹೇಳ್ಬೇಕು?"

"ಇವಕ್ಕ ಏನಾಗ್ಯದ ಅಂತ."

"ಅವ್ವ, ನಿಂಗ ಯಾರ ಹೇಳಿದ್ರು? ಎಂಟ್ ವರ್ಷ ಬಾಯಾಗ ಅವಲಕ್ಕಿ ಹಾಕ್ಕೊಂಡು ಕುಂತ್ರು. ಕಲ್ತವ್ರು, ರೊಕ್ಕ ಇದ್ದವ್ರು, ಇಮಾನದಾಗ ತಿರಗಾವ್ರು. ಅವ್ರಿಗಿಲ್ಲದ ಧರ್ಮ ನಮಗ್ಯಾಕ? ಬಣ್ಣ ತಿಕ್ಕಿ ತಗದು ಮಾರಿಬಿಡ್ತೀನಿ."

"ಆ ಲಾರಿ ಯಾರ್ದೋ ದಡ್ಡಿ ಮುಂದ ನಿಂದರ್ತದ ಸಂಜು. ಅಲ್ಲೂ ಒಬ್ಬಾಕಿ ಹೊಟ್ಟಿ ಹೊತ್ಕೊಂಡು ಹಾಲು ಕರಿಯಾಕ ಕುಂತಿರ್ತಾಳ."

"ಇರ್ಲಿ. ನನ್ನಾಕಿ ನಂಗ. ಒಂದು ಮಣ್ಣು ಮಾಡೀನಿ, ಇನ್ನೊಂದು ಮಾಡಂಗಿಲ್ಲ."

ಮಗನ ಮಾತು ತಪ್ಪು ಎಂದು ಹೇಳುವ ಧೈರ್ಯ ನಮಗೆ ಇಲ್ಲ.

ಸಂಜೆ ಯುನೂಸರು ಬಂದರು. ಆ ಶ್ರೀಮಂತ ದೇಶದಲ್ಲಿ ಈ ರೋಗ ಹೇಗೆ ಹೋಯಿತು ಎಂದು ದೇವಿಂದ್ರಪ್ಪ ಅವರನ್ನು ಕೇಳಿದ.

"ಅಲ್ಲಿ ಸರಕಾರದವ್ರು ಬಂದು ಕೆಟ್ಟ ಕುರಿ ಎಲ್ಲಾ ಎತ್ಕೊಂಡು ಹೋಗಿ ಕೊಂದು ಹೂಳ್ತಾರ. ಬದಲಿ ಕೊಡ್ತಾರ. ನಮ್ಮಜ್ಜನ ಕಾಲಕ್ಕ ಮುಗಿಸಿ ಕೈ ತೊಳ್ಕೊಂಡಾರ."

"ಹಂಗಾದ್ರ ಇಲ್ಲಿಗ್ಯಾಕ ಬಂದಿದ್ರು?"

"ಇನ್ನೂ ಎಲ್ಲೆಲ್ಲಿ ಉಳದದ ನೋಡಾಕ. ಜನ ತಿರಗಾಡ್ತಾರ, ಹಾಲು ಬೆಣ್ಣಿ ತಿರಗಾಡ್ತದ. ತಮ್ಮ ದಡ್ಡಿಗಿ ಮತ್ತ ಬರಬಾರ್ದಲ್ಲ."

"ಅಲ್ಲಿಂದ ಇಲ್ಲೀತನಕ ಬೇಲಿ ನೋಡಾಕ ಬಂದ್ರು, ಕುರಿ ನೋಡ್ಲಿಲ್ಲ" ಎಂದ ದೇವಿಂದ್ರಪ್ಪ. "ನಾನರ ಕೊಲ್ಲಂಗಿಲ್ಲ ಸಾಬ್ರೇ. ಕೊಂದು ಹೂಳಂದ್ರ ಮೊದಲ ನನ್ನ ಹೂಳ್ರಿ. ಬದಲಿ ಕೊಡಾವ್ರು ಯಾರದಾರ ಇಲ್ಲಿ?"

ಯುನೂಸರು ಕಚೇರಿಗಳಲ್ಲಿ ಕೇಳಿ ನೋಡಿದ್ದರು. ಎಲ್ಲರೂ ಅರ್ಜಿ ಕೊಡಿ ಎಂದಿದ್ದರು. ಅರ್ಜಿಗೆ ಉತ್ತರ ಬರುವುದಕ್ಕೂ ಒಂಬತ್ತು ತಿಂಗಳ ಲೆಕ್ಕಕ್ಕೂ ಹೊಂದುವುದಿಲ್ಲ ಎಂದು ಅವರಿಗೇ ಗೊತ್ತಿತ್ತು.

ಮರುದಿನ ಚಂದಮ್ಮ ಹೊತ್ತು ಮೂಡುವ ಮೊದಲೇ ಕಂಬಳಿ ಮಡಚಿದಳು. ಒಂದು ಪಾತ್ರೆ, ಜೋಳದ ಹಿಟ್ಟಿನ ಚೀಲ, ಗುಳಿಗೆಯ ಪೊಟ್ಟಣ, ಕುಡುಗೋಲು. ದಡ್ಡಿಯ ಬಾಗಿಲು ತೆಗೆದು ಕೆಂಪು ಗುರುತಿನವುಗಳನ್ನು ಒಂದೊಂದಾಗಿ ಬೇರೆ ಮಾಡತೊಡಗಿದಳು. ಸಂಜು ಕಣ್ಣು ತಿಕ್ಕುತ್ತ ಬಂದ.

"ಎಲ್ಲಿಗವ್ವ?"

"ಕ್ವಾರಿಗಿ."

ಊರಿಂದ ಎರಡು ಮೈಲಿ ದೂರ, ಗುಡ್ಡದಾಚೆ, ಕೆಂಪುಕಲ್ಲು ಕಡಿದು ಬಿಟ್ಟುಹೋದ ಹಳೆಯ ಕ್ವಾರಿ ಇದೆ. ಮೂರು ಕಡೆ ಎರಡಾಳೆತ್ತರದ ಕಲ್ಲುಗೋಡೆ, ಒಂದು ಕಡೆ ದಾರಿ. ತಳದಲ್ಲಿ ಬೇಸಿಗೆಯಲ್ಲೂ ಮೊಣಕಾಲಷ್ಟು ನೀರು. ಆ ಕಡೆ ಯಾರ ದನವೂ ಹೋಗುವುದಿಲ್ಲ. ದಾರಿಗೆ ಮುಳ್ಳು ಹಾಕಿದರೆ ಒಳಗಿನದು ಹೊರಗೆ ಬರುವುದಿಲ್ಲ.

"ಇವ್ನ ಮಾರಂಗಿಲ್ಲ, ಕೊಲ್ಲಂಗಿಲ್ಲ. ಟಗರು ಬಿಡಂಗಿಲ್ಲ, ಮರಿ ಹುಟ್ಟಂಗಿಲ್ಲ. ಉಣ್ಣೆ ಕತ್ತರಿಸ್ತೀನಿ, ಅಷ್ಟೇ. ಸಾಯೋತನಕ ಅಲ್ಲೇ ಇರ್ತಾವ. ನಾನೂ ಅಲ್ಲೇ ಇರ್ತೀನಿ."

"ಡಾಕ್ಟರ್ ಬಾಯಿ ಏನಂದಾರ? ಇವುಗಳ ಕೂಡ ಇದ್ರ ನಿಂಗ ಗುಳಿಗಿ ಹತ್ತಂಗಿಲ್ಲ ಅಂದಾರ."

"ನಂಗ ಹತ್ತಾಕಿಂತ ಪೂನಂಗ ಹತ್ತಲಿ. ನಾ ಇಲ್ಲೇ ಇದ್ರ ನನ್ನ ಸೀರಿಗಿ ಹತ್ಕೊಂಡು ಒಳಗ ಬರ್ತದ. ದಡ್ಡಿಗಿ ಸುಣ್ಣ ಹಾಕ್ರಿ, ಮಣ್ಣು ಎರಡು ಮೊಳ ತಗದು ಸುಡ್ರಿ. ಉಳದ ಕುರಿ ನಿಮ್ಮಪ್ಪ ಹೊಲಕ್ಕ ಒಯ್ಯಲಿ. ಸರಿ ಅತ್ತಾಗ."

ದೇವಿಂದ್ರಪ್ಪ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದ. "ನೀ ಹೋದ್ರ ನಂಗ ರೊಟ್ಟಿ ಯಾರು ಬಡೀತಾರ?" ಎಂದ.

"ಮೂವತ್ತೈದು ವರ್ಷ ನೋಡಿರಿ ಹ್ಯಾಂಗ ಬಡೀತಾರ ಅಂತ. ಇನ್ನ ಬಡದು ನೋಡ್ರಿ."

ಆತ ಎದ್ದು ಹೋಗಿ ತನ್ನ ಒಳ್ಳೆಯ ಕಂಬಳಿಯನ್ನು ತಂದು ಆಕೆಯ ಹೆಗಲಿಗೆ ಹಾಕಿದ. ಲಾರಿಯವನು ಬಂದಾಗ ದಡ್ಡಿಯಲ್ಲಿ ಮಾರುವ ಕುರಿ ಇರಲಿಲ್ಲ. ಸಂಜು ಅವನಿಗೆ ಸುಮ್ಮನೆ ಕೈ ಆಡಿಸಿ ಕಳಿಸಿದ.

ಕ್ವಾರಿಗೆ ಮುಳ್ಳು ಹಾಕಿದ ಮೇಲೆ ಚಂದಮ್ಮ ಮಾಡಿದ ಮೊದಲ ಕೆಲಸ ಹತ್ತೊಂಬತ್ತು ದಡ್ಡಿಗಳಿಗೆ ಹೋಗಿ ಹೇಳಿದ್ದು. ಸಾಬೂನಿನಿಂದ ಸ್ನಾನ ಮಾಡಿ, ಬೇರೆ ಸೀರೆ ಉಟ್ಟು, ಬೇಲಿಯ ಹೊರಗೇ ನಿಂತು ಹೇಳುತ್ತಿದ್ದಳು: ನನ್ನ ಗಡಿಗೆಯಲ್ಲಿ ರೋಗ ಬಂದಿದೆ, ಕುರಿಗಳ ರಕ್ತ ಪರೀಕ್ಷೆ ಮಾಡಿಸಿ, ಹಾಲು ಕುದಿಸಿ, ಮಾಸನ್ನು ಬರಿಗೈಯಿಂದ ಮುಟ್ಟಬೇಡಿ. ಐದಾರು ಮನೆಯವರು ಕೇಳಿ ಯುನೂಸರನ್ನು ಕರೆಸಿದರು. ಮಂಠಾಳದಲ್ಲಿ ಒಬ್ಬ, "ಕೈಗುಣ ಹೋತು ಅಂತ ನಮ್ಮ ಕುರಿಗಿ ಹೆಸರಿಡಾಕ ಬಂದಿಯೇನು? ಸುದ್ದಿ ಹಬ್ಬಿದ್ರ ನಮ್ಮ ಮರಿ ಯಾರು ಕೊಳ್ತಾರ?" ಎಂದು ಕೋಲು ಎತ್ತಿದ. ಹುಲಸೂರಿನಲ್ಲಿ ಯಶೋದಾಬಾಯಿ ಬೇಲಿಯ ಆಚೆ ಕುಳಿತು ಅತ್ತಳು. ಚಂದಮ್ಮ ಈಚೆ ನಿಂತಿದ್ದಳು. ಬೀಗಿತ್ತಿಯರು ಮುಟ್ಟಿ ಮಾತಾಡಿಸಲಿಲ್ಲ. ಕೆಲವು ಮನೆಗಳಲ್ಲಿ ತಲೆ ಆಡಿಸಿದರು, ಮುಂದಿನ ಸಂತೆಗೆ ಕುರಿ ಹೊಡೆದುಕೊಂಡು ಹೋದರು. ಅವು ಎಲ್ಲಿ ಇಳಿದವೋ ಯಾರಿಗೆ ಗೊತ್ತು.

ಈ ನಡುವೆ ಸುಗಂಧಾ ಅವರಿಗೆ ಹೊರದೇಶದಿಂದ ಉತ್ತರ ಬಂತು. ಅವರೇ ಬಾಡಿಗೆ ಆಟೋದಲ್ಲಿ ಕ್ವಾರಿಯ ತನಕ ಬಂದು, ಮುಳ್ಳಿನ ಹೊರಗೆ ನಿಂತು ಓದಿ ಹೇಳಿದರು. ಬಹಳ ಮರ್ಯಾದೆಯ ಪತ್ರ. ರಕ್ತ ಕೊಟ್ಟವರ ಗುಟ್ಟು ಕಾಪಾಡಬೇಕೆಂಬ ನಿಯಮದಂತೆ ನಂಬರಿಗೂ ಹೆಸರಿಗೂ ಸಂಬಂಧ ತೋರಿಸುವ ಪಟ್ಟಿಯನ್ನು ಅಧ್ಯಯನ ಮುಗಿದ ಕೂಡಲೇ ನಾಶ ಮಾಡಲಾಗಿದೆ. ಆದ್ದರಿಂದ ಯಾರ ಫಲಿತಾಂಶವನ್ನೂ ಈಗ ತಿಳಿಸಲು ಆಗುವುದಿಲ್ಲ. ಚಿಕಿತ್ಸೆ ಆ ಅಧ್ಯಯನದ ಉದ್ದೇಶವಾಗಿರಲಿಲ್ಲ. ವರದಿಯ ಪ್ರತಿಯನ್ನು ಆಗಲೇ ಇಲ್ಲಿನ ಸಂಬಂಧಪಟ್ಟವರಿಗೆ ಕಳಿಸಿದ್ದೆವು. ಆ ಹಳ್ಳಿಯವರು ಒಪ್ಪುವುದಾದರೆ ಹೊಸ ಅಧ್ಯಯನಕ್ಕೆ ಮತ್ತೆ ಬರಲು ಆಸಕ್ತಿ ಇದೆ.

"ರಕ್ತನೂ ಚೆಲ್ಯಾರೇನು?"

"ಇಲ್ಲ. ಶೀತದ ಪೆಟ್ಟಿಗಿಯೊಳಗ ಅದ ಅಂತ ಬರದಾರ."

"ಹೆಸರು ಸುಟ್ರು, ರಕ್ತ ಇಟ್ಕೊಂಡ್ರು" ಎಂದಳು ಚಂದಮ್ಮ. "ಅವ್ರಿಗಿ ಬರೀರಿ ಬಾಯೀ. ಬರ್ಲಿ. ಆದ್ರ ಬರೂವಾಗ ಸೂಜಿ ಒಂದೇ ತರಬ್ಯಾಡ್ರಿ ಅಂತ ಬರೀರಿ. ಇಪ್ಪತ್ತಮೂರು ಕುರಿ ಅವ, ಅವರೂರಾಗ ಹ್ಯಾಂಗ ಬದಲಿ ಕೊಡ್ತಾರೋ ಹಂಗ ಕೊಟ್ಟು ಒಯ್ಲಿ. ಹದಿನಾಲ್ಕು ಮಂದಿಗಿ ಗುಳಿಗಿ ತರ್ಲಿ. ಭಿಕ್ಷೆ ಅಲ್ಲ ಅನ್ರಿ. ನನ್ನ ರಕ್ತ ನೋಡಿ ಅವ್ರು ಶಾಣ್ಯಾ ಆಗ್ಯಾರ, ಅದ್ರಾಗ ನಂದೂ ಪಾಲದ ಅನ್ರಿ."

ಸುಗಂಧಾ ಹಾಗೆಯೇ ಬರೆದರು. ತಮ್ಮ ಹೆಸರನ್ನೂ, ತಾವೇ ಪಟ್ಟಿ ಬರೆದವರೆಂಬುದನ್ನೂ ಸೇರಿಸಿ, ಇಲ್ಲಿನ ಕಚೇರಿಗಳಿಗೂ ಪ್ರತಿ ಕಳಿಸಿದರು. ಇದನ್ನು ಬರೆಯುವ ಹೊತ್ತಿನವರೆಗೆ ಎಲ್ಲಿಂದಲೂ ಉತ್ತರ ಬಂದಿಲ್ಲ.

ಪೂನಂ ಆರು ವಾರದ ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಏಳನೆಯ ತಿಂಗಳು ಬಂದಾಗ ಮನೆಯವರು ಮಾತು ಕಡಿಮೆ ಮಾಡಿದರು. ಜ್ವರ ಎರಡು ಸಲ ಬಂದು ಇಳಿಯಿತು. ಒಂದು ಸಂಜೆ ಹೊಟ್ಟೆ ಹಿಂಡಿ ನೋವು ಬಂದು, ಸಂಜು ಆಕೆಯನ್ನು ಹುಮನಾಬಾದಿಗೆ ಕರೆದೊಯ್ದ. ಹೊಲದಿಂದ ಓಡಿ ಬಂದ ದೇವಿಂದ್ರಪ್ಪ ಸುದ್ದಿ ಹೇಳಲು ಕ್ವಾರಿಗೆ ಹೋದ. ಚಂದಮ್ಮ ಮುಳ್ಳಿನ ತನಕ ಬಂದವಳು ಅಲ್ಲೇ ನಿಂತಳು. ದಾಟಿ ಹೋಗಬೇಕೆನ್ನಿಸಿದ್ದು ಕಾಲಿನಲ್ಲೇ ಕಾಣುತ್ತಿತ್ತು ಎಂದು ಆತ ಆಮೇಲೆ ಹೇಳಿದ. ಮೂರು ದಿನದ ಮೇಲೆ ನೋವು ನಿಂತು ಪೂನಂ ಮನೆಗೆ ಬಂದಳು.

ಮಗು ಎಂಟೂವರೆ ತಿಂಗಳಿಗೆ ಹುಟ್ಟಿತು. ಹೆಣ್ಣು. ಸಣ್ಣದು, ಆದರೆ ಅಳುವುದು ಜೋರು. ಅದರ ರಕ್ತವನ್ನೂ ನೋಡಿಸಿದರು. ಇಲ್ಲ ಎಂದು ಬಂತು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಪೂನಂ ಮಗುವನ್ನು ಎತ್ತಿಕೊಂಡು ಗುಡ್ಡ ಹತ್ತಿ ಕ್ವಾರಿಯ ಮೇಲಿನ ಅಂಚಿಗೆ ಬಂದಳು. ಕೆಳಗೆ ಕೆಂಪು ಗೋಡೆಗಳ ನಡುವೆ ಕುರಿಗಳು ನೀರಿನ ಸುತ್ತ ನಿಂತಿದ್ದವು. ಎರಡು ಸತ್ತಿದ್ದವು, ಇಪ್ಪತ್ತೊಂದು ಉಳಿದಿದ್ದವು. ಚಂದಮ್ಮನ ಬೆನ್ನು ಒಂದೇ ಚಳಿಗಾಲದಲ್ಲಿ ಬಾಗಿತ್ತು. ಗುಳಿಗೆ ಒಂದು ಸುತ್ತು ಮುಗಿಸಿದ್ದಳು, ಜ್ವರ ಹೋಗಿ ಮತ್ತೆ ಬಂದಿತ್ತು. ಆಕೆ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

"ಯಾರಂಗ ಅದಾಳ?"

"ನಿಮ್ಮಂಗ ಅಂತಾರ್ರಿ ಎಲ್ಲಾರೂ."

"ಪಾಪ" ಎಂದು ನಕ್ಕಳು ಚಂದಮ್ಮ. "ಇನ್ನಷ್ಟು ಹಿಂದ ಸರಿ. ಗಾಳಿ ಈ ಕಡೀಂದ ಬೀಸಾಕತ್ತದ."

ಪೂನಂ ಎರಡು ಹೆಜ್ಜೆ ಹಿಂದೆ ಸರಿದಳು. "ಅತ್ತೀ, ಇನ್ನ ಎಷ್ಟು ದಿನಾ ಇಲ್ಲಿ? ಮನೀಗಿ ಯಾವಾಗ ಬರ್ತೀರಿ?"

ಚಂದಮ್ಮ ಹತ್ತಿರದಲ್ಲಿದ್ದ ಒಂದು ಕುರಿಯನ್ನು ಕುತ್ತಿಗೆ ಹಿಡಿದು ನಿಲ್ಲಿಸಿದಳು. ಹೆಬ್ಬೆರಳಿನಿಂದ ಅದರ ಕೆಳತುಟಿ ಸರಿಸಿ ವಯಸ್ಸು ನೋಡಿದಳು. ಕುರಿಗೆ ವರ್ಷಕ್ಕೆ ಎರಡರಂತೆ ಎಂಟು ದೊಡ್ಡ ಹಲ್ಲು ಬರುತ್ತವೆ, ಎಂಟೂ ಬಂದ ಮೇಲೆ ಮತ್ತೆ ಐದಾರು ವರ್ಷ ಅದು ಬದುಕುತ್ತದೆ.

"ಇದಕ್ಕ ಇನ್ನೂ ನಾಕೇ ಹಲ್ಲು" ಎಂದಳು. ಅದನ್ನು ಬಿಟ್ಟು ಮುಂದಿನದನ್ನು ಹಿಡಿದಳು. ಅದಕ್ಕೆ ಎರಡೇ ಇದ್ದವು.